ಎಂಡೋಸಲ್ಫಾನ್ ಬಗ್ಗೆ ಮಕ್ಕಳು ವಿಡಿಯೋ ಗೇಮ್ ಮಾಡಬಹುದಾ? ನಿಮ್ಮ ಅಭಿಪ್ರಾಯ ಬೇಕು

ಗುಡ್ಡೆಮನೆ ಟೀಚರ್
ಶನಿವಾರ, ಬೆಳಗ್ಗೆ 10:15

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಟೀಚರ್. ಶಾಲೆಯ ಐಟಿ ಕ್ಲಬ್ ನೋಡಿಕೊಳ್ಳುವವಳೂ ನಾನೇ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟ್ಲ್ ಕೈಟ್ಸ್’ ಇದೆಯಲ್ಲ, ಅದೇ. ಒಂಬತ್ತನೇ ಕ್ಲಾಸಿನ ಮಕ್ಕಳು ಸ್ಕ್ರ್ಯಾಚ್‌ನಲ್ಲಿ, ಅಂದರೆ ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ತಂತ್ರಾಂಶದಲ್ಲಿ, ಸಣ್ಣ ಸಣ್ಣ ಗೇಮ್ ಮಾಡುತ್ತಾರೆ. ಬೆಕ್ಕು ಇಲಿ ಹಿಡಿಯುವುದು, ಮರದಿಂದ ಬಿದ್ದ ಮಾವಿನಹಣ್ಣನ್ನು ಬುಟ್ಟಿಯಲ್ಲಿ ಹಿಡಿಯುವುದು, ಅಂಥದ್ದು.

ಹೋದ ವಾರ ನಾನು, “ಈ ಸಲ ನಮ್ಮ ಊರಿನ ಒಂದು ಸುದ್ದಿಯನ್ನು ಗೇಮ್ ಮಾಡಿ” ಅಂದೆ. ನಾಲ್ಕು ಮಕ್ಕಳು ಸೇರಿ ಎಂಡೋಸಲ್ಫಾನ್ ತೆಗೆದುಕೊಂಡರು. ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ, ಎಷ್ಟೋ ಜನರ ಕಾಯಿಲೆಗೆ ಕಾರಣ ಅನ್ನುವ ಕೀಟನಾಶಕ ಅದು. ನಿನ್ನೆ ತೋರಿಸಿದರು. ಮೇಲಿನಿಂದ ಹೆಲಿಕಾಪ್ಟರ್ ಬರುತ್ತದೆ. ಹಸಿರು ಹನಿ ಬೀಳುತ್ತದೆ. ಕೆಳಗೆ ಒಬ್ಬ ಹುಡುಗ ಎಡಕ್ಕೆ ಬಲಕ್ಕೆ ಓಡಿ ತಪ್ಪಿಸಿಕೊಳ್ಳಬೇಕು. ಮೂರು ಹನಿ ತಾಗಿದರೆ ಆಟ ಮುಗಿಯಿತು. ತಪ್ಪಿಸಿಕೊಂಡಷ್ಟು ಅಂಕ.

ಕ್ಲಾಸು ಚಪ್ಪಾಳೆ ತಟ್ಟಿತು. ಎರಡನೇ ಬೆಂಚಿನ ಒಬ್ಬಳು ಮಾತ್ರ, “ಕೈ ತೊಳೆದು ಬರುತ್ತೇನೆ ಟೀಚರೇ” ಅಂತ ಎದ್ದು ಹೋದಳು. ಬೆಲ್ ಆಗುವವರೆಗೂ ಬರಲಿಲ್ಲ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಚಿಕ್ಕಪ್ಪ ಇದ್ದಾರೆ. ನನಗೆ ಅದು ಗೊತ್ತಿತ್ತು. ಮೊದಲೇ ಯೋಚಿಸಬೇಕಿತ್ತು.

ಆ ನಾಲ್ಕು ಮಕ್ಕಳ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಅವರಿಗೆ ಗೊತ್ತಿರುವ ಗೇಮ್ ಅಂಥದ್ದೇ. ಈಗ ನನ್ನ ಪ್ರಶ್ನೆ ಇದು. ಇಂಥ ವಿಷಯವನ್ನು ಗೇಮ್ ಮಾಡಲೇಬಾರದಾ? ಅಥವಾ ಮಾಡುವ ಬೇರೆ ದಾರಿ ಇದೆಯಾ? ಸೋಮವಾರ ಮಕ್ಕಳಿಗೆ ಏನು ಹೇಳಲಿ?


ಬದಿಯಡ್ಕದ ಅಪ್ಪ
ಶನಿವಾರ, ಬೆಳಗ್ಗೆ 11:02

ಟೀಚರೇ, ನೇರ ಹೇಳುತ್ತೇನೆ, ಬೇಸರ ಮಾಡಬೇಡಿ. ನನ್ನ ಮಗ ಎಂಟನೇ ಕ್ಲಾಸು. ರಾತ್ರಿ ಊಟಕ್ಕೆ ಕರೆದರೆ “ಈ ಮ್ಯಾಚ್ ಮುಗಿಯಲಿ ಅಪ್ಪಾ” ಅನ್ನುತ್ತಾನೆ. 2020ರಲ್ಲಿ ಪಬ್‌ಜಿ ನಿಷೇಧ ಆದಾಗ ಎಷ್ಟು ಮನೆಗಳಲ್ಲಿ ನಿಟ್ಟುಸಿರು ಬಿಟ್ಟರು ಅಂತ ನಾನು ನೋಡಿದ್ದೇನೆ. ಮರು ವರ್ಷ ಬೇರೆ ಹೆಸರಲ್ಲಿ ಬಂತು. ಈಗ ಶಾಲೆಯಲ್ಲೂ ಗೇಮ್ ಅಂದರೆ ನಾವು ಮನೆಯಲ್ಲಿ ಏನು ಹೇಳುವುದು? ನೋವಿನ ವಿಷಯವನ್ನು ಪಾಠ ಮಾಡಿ, ಪ್ರಬಂಧ ಬರೆಸಿ. ಆ ಮನೆಗಳಿಗೆ ಕರೆದುಕೊಂಡು ಹೋಗಿ. ಆಟ ಯಾಕೆ?


ಬಾಯಾರಿನ ಹುಡುಗ
ಶನಿವಾರ, ಮಧ್ಯಾಹ್ನ 1:30

ನಾನು ಬೆಂಗಳೂರಿನಲ್ಲಿ ಗೇಮ್ ಮಾಡುವ ಕೆಲಸದಲ್ಲೇ ಇದ್ದೇನೆ. ಅಣ್ಣ ಹೇಳಿದ ಚಟದ ಮಾತು ನಿಜ. ನಮ್ಮ ಉದ್ಯಮದಲ್ಲಿ ಜಾಸ್ತಿ ದುಡ್ಡು ಆಗುವುದೇ ಹಾಗೆ ಹಿಡಿದು ಕೂರಿಸುವ ಗೇಮ್‌ಗಳಿಂದ. ಆದರೆ ಟೀಚರ್ ಕೇಳುತ್ತಿರುವುದು ಬೇರೆ ಜಾತಿಯ ಗೇಮ್ ಬಗ್ಗೆ. ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮತ್ತೆ ಮತ್ತೆ ಆಡಿಸಬೇಕು ಅಂತ ಮಾಡಿದ್ದಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಉರುಗ್ವೆಯ ಗೊಂಜಾಲೊ ಫ್ರಾಸ್ಕಾ 2003ರಲ್ಲಿ ‘ಸೆಪ್ಟೆಂಬರ್ 12’ ಅಂತ ಒಂದು ಪುಟ್ಟ ಗೇಮ್ ಮಾಡಿದರು. ಮೇಲಿನಿಂದ ಕಾಣುವ ಒಂದು ಪೇಟೆ. ಜನ ಓಡಾಡುತ್ತಿರುತ್ತಾರೆ. ನಡುನಡುವೆ ಬಂದೂಕು ಹಿಡಿದ ಉಗ್ರರು. ನಿಮ್ಮ ಕೈಯಲ್ಲಿ ಕ್ಷಿಪಣಿ. ಗುರಿ ಇಟ್ಟು ಒತ್ತುತ್ತೀರಿ. ಅದು ಬಂದು ಬೀಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಅಲ್ಲಿಗೆ ಬೇರೆ ಯಾರೋ ಬಂದಿರುತ್ತಾರೆ. ಸತ್ತವರ ಸುತ್ತ ಜನ ಸೇರಿ ಅಳುತ್ತಾರೆ. ಅತ್ತವರಲ್ಲಿ ಕೆಲವರು ಎದ್ದು ಉಗ್ರರಾಗುತ್ತಾರೆ. ಹೊಡೆದಷ್ಟೂ ಹೆಚ್ಚುತ್ತಾರೆ. ಗೆಲ್ಲುವುದು ಅಂತ ಇಲ್ಲವೇ ಇಲ್ಲ. ಒಂದು ವಾಕ್ಯ ಭಾಷಣ ಇಲ್ಲದೆ ಅದು ತನ್ನ ಮಾತು ಹೇಳಿಬಿಡುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಮಾತು ಇರುವುದು ಅದರ ನಿಯಮದಲ್ಲಿ.

ಟೀಚರ್, ನಿಮ್ಮ ಮಕ್ಕಳ ಗೇಮಿನಲ್ಲಿ ಕೆಟ್ಟಿದ್ದೂ ನಿಯಮವೇ. ಚುರುಕಾಗಿ ಓಡಿದರೆ ಹನಿ ತಾಗುವುದಿಲ್ಲ ಅಂತ ಅದು ಹೇಳುತ್ತದೆ. ಅಂದರೆ ತಾಗಿದವರು ಚುರುಕಿರಲಿಲ್ಲ ಅಂತ ಆಯಿತು. ಇದು ಸುಳ್ಳು. ಮದ್ದು, ಅಂದರೆ ಆ ಕೀಟನಾಶಕ, ಬಿದ್ದದ್ದು ಒರತೆಗೆ, ತೋಡಿಗೆ, ಬಟ್ಟೆ ಒಣಹಾಕಿದ ಹಗ್ಗಕ್ಕೆ. ಅದನ್ನು ಯಾರು ತಪ್ಪಿಸಿಕೊಳ್ಳುತ್ತಾರೆ?

ತಪ್ಪಿಸಿಕೊಂಡು ಓಡುವ ಗೇಮ್ ಎಲ್ಲ ಕಡೆ ತಪ್ಪು ಅಂತಲೂ ಅಲ್ಲ. 2006ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಸುಡಾನಿನ ದಾರ್ಫುರ್ ಬಗ್ಗೆ ‘ದಾರ್ಫುರ್ ಈಸ್ ಡೈಯಿಂಗ್’ ಮಾಡಿದರು. ಶಿಬಿರದಿಂದ ನೀರು ತರಲು ಮನೆಯವರಲ್ಲಿ ಒಬ್ಬರನ್ನು ಆರಿಸಿ ಕಳಿಸಬೇಕು. ದಾರಿಯಲ್ಲಿ ಆಯುಧ ಹಿಡಿದವರ ಕಣ್ಣು ತಪ್ಪಿಸಿ ಓಡಬೇಕು. ಅಲ್ಲಿ ಓಟ ನಿಜ. ಯಾರನ್ನು ಕಳಿಸುವುದು ಅನ್ನುವ ಸಂಕಟವೂ ನಿಜ. ಅಷ್ಟಾದರೂ “ಇಂಥ ಸಾವುನೋವನ್ನು ಗೇಮ್ ಮಾಡುವುದಾ” ಅಂತ ಟೀಕೆ ಬಂದಿತ್ತು. ಟೀಕೆ ಬರಬೇಕಾದ್ದೇ.


ಚೆಂಡೆಪೆಟ್ಟು
ಶನಿವಾರ, ಮಧ್ಯಾಹ್ನ 3:10

“ಆಟ ಯಾಕೆ” ಅಂತ ಕೇಳಿದ್ದಕ್ಕೆ ಒಂದು ಮಾತು. ನಮ್ಮ ಕಡೆ ‘ಆಟ’ ಅಂದರೆ ಮೊದಲು ನೆನಪಾಗುವುದು ಯಕ್ಷಗಾನ. “ಇವತ್ತು ಎಲ್ಲಿ ಆಟ?” ಅಂತಲೇ ಕೇಳುತ್ತೇವೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಆ ಆಟದಲ್ಲಿ ಅಭಿಮನ್ಯು ಸಾಯುವುದಿಲ್ವಾ? ಜನ ಅಳುವುದಿಲ್ವಾ? ಆಟ ಅಂದ ಕೂಡಲೇ ಹಗುರ ಅಂತ ನಮ್ಮ ಭಾಷೆಯೇ ಒಪ್ಪುವುದಿಲ್ಲ.

ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಇನ್ನೂ ಹತ್ತಿರದ್ದು. ಅರ್ಥ ಹೇಳುವವರು ದುರ್ಯೋಧನನ ಜಾಗದಲ್ಲಿ ಕೂತು ದುರ್ಯೋಧನನ ಪರವಾಗಿಯೇ ವಾದ ಮಾಡಬೇಕು. ನಾನು ಒಮ್ಮೆ ಸಣ್ಣ ಕೂಟದಲ್ಲಿ ಶಕುನಿ ಮಾಡಿದೆ. ಅವನಿಗೂ ಅವನದ್ದೇ ಲೆಕ್ಕ ಇದೆ ಅಂತ ಅವತ್ತು ಗೊತ್ತಾಯಿತು, ಪ್ರಸಂಗ ನೂರು ಸಲ ಕೇಳಿದ್ದರೂ ಗೊತ್ತಾಗಿರಲಿಲ್ಲ. ಹಾಗಾಗಿ ನನ್ನ ಪ್ರಶ್ನೆ: ಗೇಮ್ ಆಡುವವರನ್ನು ನೀವು ಯಾರ ಜಾಗದಲ್ಲಿ ಕೂರಿಸುತ್ತೀರಿ? ಹೆಲಿಕಾಪ್ಟರಿನಲ್ಲಾ, ತೋಟದ ಮೇಲ್ವಿಚಾರಕನ ಕುರ್ಚಿಯಲ್ಲಾ, ಊರಿನ ಡಾಕ್ಟರ ಎದುರಾ?


ಹಳೇ ವರದಿಗಾರ
ಶನಿವಾರ, ಸಂಜೆ 5:45

ಈ ವಿಷಯವನ್ನು ನಾನು ಪತ್ರಿಕೆಗೆ ಬರೆದವನು. ಮಕ್ಕಳು ಮಾಡುವುದಾದರೆ ಮೊದಲು ನಡೆದದ್ದನ್ನು ಸರಿಯಾಗಿ ತಿಳಿದುಕೊಳ್ಳಲಿ. ಸರ್ಕಾರಿ ಗೇರು ತೋಟಗಳಿಗೆ ಟೀ ಸೊಳ್ಳೆ ಅನ್ನುವ ಕೀಟದ ಕಾಟ. ಅದಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಗುಡ್ಡೆಯ ಮೇಲೆ, ಮನೆ ಮತ್ತು ನೀರು ಇಳಿಜಾರಿನಲ್ಲಿ. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳನ್ನು ನೋಡಿ ನೋಡಿ, ಇದೇನು ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಕಾಯಿಲೆ ಅಂತ ಕೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಅಂತ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಕೋರ್ಟಿಗೆ ಹೋದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು.

ಈಗ ನನ್ನ ಹೆದರಿಕೆ ಹೇಳುತ್ತೇನೆ. ಯಾವ ಕಾಯಿಲೆ ಎಷ್ಟರ ಮಟ್ಟಿಗೆ ಮದ್ದಿನಿಂದ ಬಂತು ಅನ್ನುವುದರ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಪತ್ರಿಕೆಯಲ್ಲಿ ನಮಗೆ ‘ಎನ್ನಲಾಗಿದೆ’ ಅಂತ ಒಂದು ಪದ ಇದೆ. ‘ವೈದ್ಯರ ಪ್ರಕಾರ’, ‘ಕಂಪನಿ ಇದನ್ನು ನಿರಾಕರಿಸಿದೆ’ ಅಂತ ಬರೆಯುತ್ತೇವೆ. ಕಂಪ್ಯೂಟರಿಗೆ ‘ಎನ್ನಲಾಗಿದೆ’ ಅಂತ ಹೇಳಲು ಬರುತ್ತದಾ? ಅದಕ್ಕೆ ಒಂದು ಸಂಖ್ಯೆ ಬೇಕು. ಮೂರು ಹನಿಗೆ ಒಂದು ಕಾಯಿಲೆ. ಆ ಮೂರು ಎಲ್ಲಿಂದ ಬಂತು? ನಿಮ್ಮ ಮಕ್ಕಳು ಸುಮ್ನೆ ಹಾಕಿದ್ದಾರೆ. ಸುದ್ದಿಯಲ್ಲಿ ನಾನು ಹಾಗೆ ಸಂಖ್ಯೆ ಹಾಕಿದ್ದರೆ ಸಂಪಾದಕರು ನನ್ನನ್ನು ಮನೆಗೆ ಕಳಿಸುತ್ತಿದ್ದರು.


ಬಾಯಾರಿನ ಹುಡುಗ
ಶನಿವಾರ, ಸಂಜೆ 6:20

ಸರ್, ನೀವು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ. ನಮ್ಮ ಕೆಲಸದಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಸಂಖ್ಯೆ ಗೊತ್ತಿಲ್ಲದಿದ್ದರೆ ಆ ನಿಯಮವನ್ನೇ ಇಡಬಾರದು. ಗೊತ್ತಿರುವ ಕಡೆಯಿಂದ ಗೇಮ್ ಶುರು ಮಾಡಬೇಕು.

ವಿಜ್ಞಾನದಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ‘ಫೋಲ್ಡಿಟ್’ ಬಿಟ್ಟರು. ಪ್ರೋಟೀನಿನ ಎಳೆಯನ್ನು ಪರದೆಯ ಮೇಲೆ ಮಡಚುವುದೇ ಆಟ. ಹೇಗೆ ಮಡಚಿದರೆ ಅಂಕ ಹೆಚ್ಚು ಅನ್ನುವುದು ನಿಜವಾದ ಭೌತ, ರಸಾಯನ ನಿಯಮದ ಮೇಲೆ ನಿಂತಿದೆ. ಮಂಗಗಳಿಗೆ ಏಡ್ಸ್ ಥರದ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ ಆಕಾರ ವಿಜ್ಞಾನಿಗಳಿಗೆ ವರ್ಷಗಟ್ಟಲೆ ಸಿಕ್ಕಿರಲಿಲ್ಲ. ಆಟಗಾರರು ಮೂರು ವಾರದಲ್ಲಿ ಕೊಟ್ಟರು. 2011ರಲ್ಲಿ ಅದು ಪ್ರಕಟವಾಯಿತು. ಆ ಪ್ರಯೋಗಾಲಯದ ಡೇವಿಡ್ ಬೇಕರ್ ಅವರಿಗೇ 2024ರಲ್ಲಿ ಪ್ರೋಟೀನ್ ವಿನ್ಯಾಸಕ್ಕೆ ರಸಾಯನಶಾಸ್ತ್ರದ ನೊಬೆಲ್ ಬಂತು.


ಹೊಳೆಬದಿ
ಶನಿವಾರ, ರಾತ್ರಿ 9:50

ನಾನು ಸಾಮಾನ್ಯ ಇಲ್ಲಿ ಬರೆಯುವವಳಲ್ಲ, ಓದುವವಳು. ಇವತ್ತು ಬರೆಯಬೇಕು ಅನಿಸಿತು.

ಹೆಲಿಕಾಪ್ಟರ್ ಬರುವಾಗ ನಾವು ಮಕ್ಕಳು ಅಂಗಳಕ್ಕೆ ಓಡುತ್ತಿದ್ದೆವು. ತಪ್ಪಿಸಿಕೊಳ್ಳಲು ಅಲ್ಲ. ನೋಡಲು. ಕೈ ಬೀಸುತ್ತಿದ್ದೆವು. ನನ್ನ ತಮ್ಮ ಆಗ ಹುಟ್ಟಿರಲಿಲ್ಲ. ಈಗ ಅವನಿಗೆ ಮೂವತ್ತರ ಹತ್ತಿರ. ಮಾತು ಇಲ್ಲ. ನಾನು ಬಳೆ ಹಾಕಿಕೊಂಡ ದಿನ ಮಾತ್ರ ಕೈ ಹಿಡಿದು ಅಲ್ಲಾಡಿಸಿ ನಗುತ್ತಾನೆ, ಆ ಸದ್ದು ಅವನಿಗೆ ಇಷ್ಟ.

ಅವನ ಮೇಲೆ ಅಂಕ ಹಾಕಬೇಡಿ. ಅವನ ತಲೆಯ ಮೇಲೆ ಕೆಂಪು ಪಟ್ಟಿ ಇಟ್ಟು ಅದು ಇಳಿಯುವುದನ್ನು ತೋರಿಸಬೇಡಿ. ಅವನ ಫೋಟೋ ತೆಗೆದುಕೊಂಡು ಹೋದವರು ಬಹಳ ಜನ. ಯಾರ ಮೇಲೂ ನನಗೆ ಸಿಟ್ಟಿಲ್ಲ, ಅವರು ಬರೆದದ್ದರಿಂದಲೇ ಏನಾದರೂ ಸಿಕ್ಕಿದೆ. ಆದರೆ ಎಲ್ಲರಿಗೂ ಬೇಕಾದದ್ದು ಅವನ ಮುಖ. ನಮ್ಮ ಅಮ್ಮನ ಚೀಲದ ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ.

ಅದರಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಇದೆ. ಜವಳಿ ಅಂಗಡಿಯದ್ದು, ಹಿಡಿ ಹರಿದು ದಾರ ಕಟ್ಟಿದ್ದು. ಅದರ ಒಳಗೆ ರೇಷನ್ ಕಾರ್ಡ್, ಕ್ಯಾಂಪಿನ ಚೀಟಿ, ಅಂಗವೈಕಲ್ಯದ ಸರ್ಟಿಫಿಕೇಟು, ಬ್ಯಾಂಕಿನ ಪುಸ್ತಕ, ಆಸ್ಪತ್ರೆಯ ಕಾಗದ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಕಾಗದ ಬರುವುದು ಮಲಯಾಳದಲ್ಲಿ. ಒಂದು ಕಚೇರಿಯಲ್ಲಿ “ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ, ಸರಿ ಮಾಡಿಸಿ ತನ್ನಿ” ಅಂದರು. ಅದಕ್ಕೆ ಏಳು ಸಲ ಹೋದೆವು. ತಮ್ಮನನ್ನು ಯಾರು ನೋಡಿಕೊಳ್ಳುವುದು ಅನ್ನುವುದು ಏಳು ಸಲವೂ ಪ್ರಶ್ನೆ.

ಗೇಮ್ ಮಾಡುವುದಾದರೆ ಇದನ್ನು ಮಾಡಿ. ಇದರಲ್ಲಿ ಯಾವ ವಾದವೂ ಇಲ್ಲ. ಏಳು ಸಲ ಹೋದದ್ದು ಹೋದದ್ದೇ.


ಗುಡ್ಡೆಮನೆ ಟೀಚರ್
ಶನಿವಾರ, ರಾತ್ರಿ 10:30

ಅಕ್ಕ, ಓದಿದೆ. ಎರಡು ಸಲ ಓದಿದೆ. ಏನು ಬರೆಯಬೇಕು ಅಂತ ತೋಚುತ್ತಿಲ್ಲ. ಆ ನಾಲ್ಕು ಮಕ್ಕಳ ಗೇಮನ್ನು ಅವರೇ ತೆಗೆದುಹಾಕಲು ನಿರ್ಧರಿಸುವ ಹಾಗೆ ಸೋಮವಾರ ಮಾತಾಡುತ್ತೇನೆ. ನೀವು ಬರೆದದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಕ್ಲಾಸಿನಲ್ಲಿ ಓದುವುದಿಲ್ಲ.


ಮಂಜೇಶ್ವರದವ
ಭಾನುವಾರ, ಬೆಳಗ್ಗೆ 8:05

ಅಕ್ಕನ ಮಾತು ಓದಿದ ಮೇಲೆ ನನಗೆ ‘ಪೇಪರ್ಸ್, ಪ್ಲೀಸ್’ ನೆನಪಾಯಿತು. ಲೂಕಸ್ ಪೋಪ್ ಒಬ್ಬರೇ ಮಾಡಿ 2013ರಲ್ಲಿ ಬಿಟ್ಟ ಗೇಮ್. ಇಲ್ಲದ ಒಂದು ದೇಶದ ಗಡಿಯಲ್ಲಿ ನೀವು ಕಾಗದ ಪರೀಕ್ಷೆ ಮಾಡುವ ನೌಕರ. ಪಾಸ್‌ಪೋರ್ಟಿನ ಫೋಟೋ, ತಾರೀಕು, ಮುದ್ರೆ ಎಲ್ಲ ತಾಳೆ ನೋಡಿ ಒಳಗೆ ಬಿಡಬೇಕು ಇಲ್ಲ ವಾಪಸ್ ಕಳಿಸಬೇಕು. ಎಷ್ಟು ಜನರನ್ನು ಮುಗಿಸಿದಿರೋ ಅಷ್ಟು ಸಂಬಳ. ತಪ್ಪಿದರೆ ದಂಡ. ಮನೆಯಲ್ಲಿ ಹೆಂಡತಿ ಮಗುವಿಗೆ ಊಟ, ಔಷಧಿ ಆ ಸಂಬಳದಲ್ಲೇ ಆಗಬೇಕು. ಗಂಡನನ್ನು ಬಿಟ್ಟಿರುತ್ತೀರಿ, ಹಿಂದೆ ಬಂದ ಹೆಂಡತಿಯ ಒಂದು ಕಾಗದ ಇರುವುದಿಲ್ಲ. ಏನು ಮಾಡುತ್ತೀರಿ?

ನನಗೆ ಅದು ಬರೀ ಗೇಮ್ ಆಗಿರಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಕೆಲವು ಒಳದಾರಿಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದವರು ನಾವು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಪ್ಪನಿಗೆ ಡಯಾಲಿಸಿಸ್ ಇತ್ತು. ಎರಡು ಗಂಟೆ ಆಂಬುಲೆನ್ಸಿನಲ್ಲಿ ಕೂತೆವು. ಕಾಗದ ನೋಡುತ್ತಿದ್ದ ಹುಡುಗ ನನ್ನ ಮಗನ ವಯಸ್ಸಿನವನು. ಕಾಗದವನ್ನು ಆಚೆ ಈಚೆ ತಿರುಗಿಸಿ ನೋಡಿದ. ಅದು ಮಲಯಾಳದಲ್ಲಿತ್ತು. ಅವನು ಮುಖ ಎತ್ತಿ ನನ್ನನ್ನು ನೋಡಲಿಲ್ಲ. ನಾವು ಆ ದಿನ ವಾಪಸ್ ಬಂದೆವು, ಮರುದಿನ ಬೇರೆ ವ್ಯವಸ್ಥೆ ಮಾಡಿದೆವು. ಆ ಹುಡುಗನ ಮೇಲಿನ ಸಿಟ್ಟು ಎಷ್ಟೋ ಸಮಯ ಇತ್ತು.

ಗೇಮಿನಲ್ಲಿ ಅವನ ಕುರ್ಚಿಯಲ್ಲಿ ಕೂತಾಗ, ಮೂರನೇ ದಿನಕ್ಕೆ ನಾನೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಾರೀಕು ಮಾತ್ರ ನೋಡುತ್ತಿದ್ದೆ. ಚೆಂಡೆಪೆಟ್ಟು ಅಣ್ಣ ಹೇಳಿದ ಶಕುನಿಯ ಹಾಗೆ.


ಪಿಕ್ಕಾಸು
ಭಾನುವಾರ, ಬೆಳಗ್ಗೆ 11:40

ಟೀಚರೇ, ಮಕ್ಕಳು ಮೊದಲ ಸಲಕ್ಕೆ ಅಷ್ಟು ಭಾರದ್ದು ಎತ್ತುವುದು ಬೇಡ ಅಂತ ನನಗೆ ಕಾಣುತ್ತದೆ. ನೀರು ತೆಗೆದುಕೊಳ್ಳಿ. ಸುರಂಗ ತೆಗೆದುಕೊಳ್ಳಿ. ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ, ನಮಗೆ ಅದು ಮನೆ ಹಿಂದಿನ ವಿಷಯ.

ನನ್ನ ಅಜ್ಜ ಸುರಂಗ ಕೊರೆಯುತ್ತಿದ್ದವರು. ನೀರಿಗಾಗಿ ಗುಡ್ಡೆಯ ಬುಡದಿಂದ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಒಳಗೆ ಅಡ್ಡಕ್ಕೆ ಕೊರೆದುಕೊಂಡು ಹೋಗುವುದು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಜಾಗ. ಒಬ್ಬರು ಪಿಕ್ಕಾಸಿನಲ್ಲಿ ಕಡಿದರೆ ಇನ್ನೊಬ್ಬರು ಬುಟ್ಟಿಯಲ್ಲಿ ಮಣ್ಣು ಎಳೆಯುವುದು. ಒಳಗೆ ಹೋಗುವಾಗ ದೀಪ ಹಿಡಿಯಬೇಕು. ದೀಪ ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಸೇಡಿಮಣ್ಣು, ಅಂದರೆ ಮೆತ್ತಗಿನ ಬಿಳಿ ಮಣ್ಣು, ಸಿಕ್ಕಿದರೆ ಕುಸಿಯುವ ಹೆದರಿಕೆ. ಗೋಡೆ ತಣ್ಣಗಾಯಿತು, ಬೆವರಿತು ಅಂದರೆ ನೀರು ಹತ್ತಿರ. ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ. ತಾನಾಗಿ ಹರಿದು ಬರುತ್ತದೆ. ಮೊದಲು ಅಡಿಕೆ ಮರದ ದಂಬೆ ಇಟ್ಟು ಕೆರೆಗೆ ಬಿಡುತ್ತಿದ್ದರು, ಈಗ ಪೈಪು.

ಇಲ್ಲಿ ಮಳೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ. ಆದರೂ ಏಪ್ರಿಲ್ ಬಂದರೆ ಟ್ಯಾಂಕರ್. ಅಜ್ಜ ಕೊರೆದ ಸುರಂಗ ನಾನು ಹೈಸ್ಕೂಲಿನಲ್ಲಿರುವಾಗ ಮೇ ತಿಂಗಳಲ್ಲೂ ಹರಿಯುತ್ತಿತ್ತು. ಈಗ ಮಾರ್ಚಿಗೇ ನಿಲ್ಲುತ್ತದೆ. ಸುತ್ತ ಬೋರ್ ಹೊಡೆಸಿದ್ದೇ ಕಾರಣ ಅಂತ ಅಪ್ಪ ಹೇಳುತ್ತಾರೆ.


ಅಂತರ್ಜಲ
ಭಾನುವಾರ, ಮಧ್ಯಾಹ್ನ 2:15

ಒಳ್ಳೆಯ ವಿಷಯ. ಆದರೆ “ಬೋರ್ ಹೊಡೆದರೆ ಸುರಂಗ ಬತ್ತುತ್ತದೆ” ಅಂತ ಒಂದೇ ನಿಯಮ ಹಾಕಿಬಿಡಬೇಡಿ. ಸುರಂಗಕ್ಕೆ ಬರುವುದು ಮುರಕಲ್ಲಿನ ಪದರದಲ್ಲಿ ನಿಂತ ಮಳೆನೀರು, ಮೇಲುಮೇಲಿನದ್ದು. ಬೋರ್ ಹೋಗುವುದು ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕಿಗೆ. ಕೆಲವು ಕಡೆ ಎರಡಕ್ಕೂ ಸಂಬಂಧ ಇರುತ್ತದೆ, ಮೇಲಿನ ನೀರು ಬಿರುಕಿಗೆ ಇಳಿದು ಹೋಗುತ್ತದೆ. ಕೆಲವು ಕಡೆ ಸಂಬಂಧವೇ ಇರುವುದಿಲ್ಲ. ಪಕ್ಕದ ಮನೆಯ ಬೋರಿಂದ ನಮ್ಮದು ಹೋಯಿತಾ ಇಲ್ಲವಾ ಅಂತ ನೋಡದೆ ಹೇಳಲು ಆಗುವುದಿಲ್ಲ.

ಇನ್ನೊಂದು. ಗುಡ್ಡೆಯ ಮೇಲಿನ ಕಾಡು ಹೋಗಿ ರಬ್ಬರು ಬಂತು, ಕೆಂಪುಕಲ್ಲಿನ ಕೋರೆ ಬಂತು, ಮಣ್ಣು ತೆಗೆದು ಸೈಟು ಮಾಡಿದರು. ಮಳೆ ಇಂಗುವ ಜಾಗವೇ ಹೋಯಿತು. ಅದನ್ನು ಬಿಟ್ಟು ಬೋರ್ ಒಂದನ್ನೇ ಬೈದರೆ ಮಕ್ಕಳು ಅರ್ಧ ವಿಷಯ ಕಲಿಯುತ್ತಾರೆ. ಮಳೆನೀರು ಇಂಗಿಸುವ ಇಂಗುಗುಂಡಿಯನ್ನೂ ಆಟದಲ್ಲಿ ಸೇರಿಸಿ.


ಗುಡ್ಡೆಮನೆ ಟೀಚರ್
ಗುರುವಾರ, ರಾತ್ರಿ 8:40

ಮೂರು ದಿನ ಇಲ್ಲಿ ಬರಲು ಆಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸೋಮವಾರ ನಾಲ್ಕು ಮಕ್ಕಳನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದೆ: “ನಿಮ್ಮ ಗೇಮಿನಲ್ಲಿ ಜೋರಾಗಿ ಓಡುವವನು ಉಳಿಯುತ್ತಾನೆ. ನಿಜದಲ್ಲಿ ಹಾಗಿತ್ತಾ?” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ, “ನೀರಲ್ಲಿ ಬಂದರೆ ಓಡಿ ಏನು ಪ್ರಯೋಜನ ಟೀಚರೇ” ಅಂದ. ಅವರೇ ಫೈಲ್ ಅಳಿಸಿದರು. ಹೊರಗೆ ಹೋದ ಹುಡುಗಿಯ ಹತ್ತಿರ ಅವರೇ ಹೋಗಿ ಮಾತಾಡಿದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಸುರಂಗದ ಗೇಮ್ ಮಾಡುವುದು ಅಂತ ಆಯಿತು. ಕಂಪ್ಯೂಟರಿಗೆ ಹೋಗುವ ಮೊದಲು ಕೈಯಲ್ಲಿ ಆಡಿ ನೋಡೋಣ ಅನಿಸಿತು. ಮನೆಯ ಅಟ್ಟದಲ್ಲಿ ಅತ್ತೆಯ ಚೆನ್ನೆಮಣೆ ಇತ್ತು. ಆಟಿ ತಿಂಗಳಲ್ಲಿ ಆಡುತ್ತಿದ್ದದ್ದು. ಒರೆಸಿ ತೆಗೆದುಕೊಂಡು ಹೋದೆ. ಎರಡು ಸಾಲಿನಲ್ಲಿ ಏಳೇಳು, ಒಟ್ಟು 14 ಗುಳಿ. ಮೇಲಿನ ಸಾಲು ಗುಡ್ಡೆಯ ಮನೆಗಳು. ಕೆಳಗಿನ ಸಾಲು ತೋಟದ ಮನೆಗಳು. ಮಂಜೊಟ್ಟಿ ಕಾಯಿಯೇ ನೀರು. ಅತ್ತೆಯ ಡಬ್ಬಿಯಲ್ಲಿ ಇನ್ನೂ ಇದ್ದವು, ಕೆಂಪಗೆ ಹೊಳೆಯುವುದು.

ಮಳೆಗಾಲದಲ್ಲಿ ಪ್ರತಿ ಗುಳಿಗೆ ನಾಲ್ಕು ಕಾಯಿ. ಆಮೇಲೆ ಒಂದೊಂದು ಸುತ್ತು ಒಂದೊಂದು ತಿಂಗಳು. ಸುರಂಗದ ಮನೆ ತಿಂಗಳಿಗೆ ಒಂದೇ ಕಾಯಿ ತೆಗೆಯಬಹುದು, ತಾನಾಗಿ ಬಂದಷ್ಟು. ಬೋರ್ ಹಾಕಿದವರು ಮೂರು ತೆಗೆಯಬಹುದು. ತಮ್ಮ ಗುಳಿಯಲ್ಲಿ ಇಲ್ಲದಿದ್ದರೆ ಪಕ್ಕದ ಗುಳಿಯಿಂದ. ಆದರೆ ಅಂತರ್ಜಲ ಸರ್ ಹೇಳಿದ್ದು ನೆನಪಿತ್ತು. ಪಕ್ಕದ ನೀರು ನಿಜವಾಗಿ ಬರುತ್ತದಾ ಅಂತ ನೋಡಲು ಒಂದು ಕವಡೆ ಹಾಕಬೇಕು. ಕವಡೆ ಬಾಯಿ ಮೇಲೆ ಬಿದ್ದರೆ ಬಿರುಕು ಇದೆ, ಬರುತ್ತದೆ. ಬೆನ್ನು ಮೇಲೆ ಬಿದ್ದರೆ ಇಲ್ಲ. ಮೇಲಿನ ಸಾಲಿನವರು ಇಂಗುಗುಂಡಿ ತೋಡಬಹುದು. ತೋಡಿದರೆ ಆ ಸುತ್ತು ನೀರು ತೆಗೆಯುವ ಹಾಗಿಲ್ಲ. ಮುಂದಿನ ಎರಡು ಸುತ್ತು ಅವರ ಕೆಳಗಿನ ಗುಳಿಗೆ ಒಂದೊಂದು ಕಾಯಿ ಇಳಿಯುತ್ತದೆ.

14 ಮಕ್ಕಳು ಕೂತರು. ಉಳಿದವರು ಸುತ್ತ ನಿಂತರು. ಎರಡನೇ ಬೆಂಚಿನವಳು ಲೆಕ್ಕ ಬರೆಯುತ್ತೇನೆ ಅಂದಳು.

ಡಿಸೆಂಬರಿನವರೆಗೆ ಯಾರೂ ಬೋರ್ ಹಾಕಲಿಲ್ಲ. ಜನವರಿಯಲ್ಲಿ ಮೇಲಿನ ಸಾಲಿನ ಒಬ್ಬ ಹಾಕಿದ. ಕವಡೆ ಬಾಯಿ ಮೇಲೆ ಬಿತ್ತು. ಪಕ್ಕದವನ ಗುಳಿಯಲ್ಲಿ ಒಂದೇ ಕಾಯಿ ಉಳಿಯಿತು. ಅವನು ಒಂದು ನಿಮಿಷ ಅದನ್ನೇ ನೋಡಿದ. ಆಮೇಲೆ, “ಹಾಗಾದರೆ ನಾನೂ ಹೊಡೆಸುತ್ತೇನೆ” ಅಂದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಫೆಬ್ರವರಿಯಲ್ಲಿ ಮೂವರು. ಮಾರ್ಚಿನಲ್ಲಿ ಒಂಬತ್ತು ಜನ. ಏಪ್ರಿಲ್ ಸುತ್ತಿನಲ್ಲಿ ಕವಡೆ ಹೇಗೆ ಬಿದ್ದರೂ ಒಂದೇ, ತೆಗೆಯಲು ಕಾಯಿಯೇ ಇರಲಿಲ್ಲ. ಇಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಕ್ಲಾಸು ತಣ್ಣಗಾಯಿತು.

ಕೆಳಗಿನ ಸಾಲಿನ ಒಬ್ಬನ ಗುಳಿಯಲ್ಲಿ ಮಾತ್ರ ಎರಡು ಕಾಯಿ ಇತ್ತು. ಅವನ ಮೇಲಿನ ಮನೆಯ ಹುಡುಗಿ ಎರಡು ಸಲ ಇಂಗುಗುಂಡಿ ತೋಡಿದ್ದಳು. ಅವಳ ಗುಳಿ ಖಾಲಿ. ಅವಳು ಸಿಟ್ಟಿನಲ್ಲಿ, “ನಾನು ತೋಡಿದ ಗುಂಡಿಯ ನೀರು ಇವನಿಗೆ ಹೋಯಿತು. ಇವನು ನನಗೆ ಏನಾದರೂ ಕೊಡಬೇಕಲ್ವಾ ಟೀಚರೇ?” ಅಂದಳು. ಅವನು “ನಾನು ತೋಡು ಅಂತ ಹೇಳಿದ್ನಾ?” ಅಂದ. ಅಲ್ಲಿಂದ ಇಪ್ಪತ್ತು ನಿಮಿಷ ವಾದ. ಕೆಳಗಿನವರು ದುಡ್ಡು ಹಾಕಿ ಮೇಲಿನವರಿಂದ ಗುಂಡಿ ತೋಡಿಸಬಹುದಾ, ಪಂಚಾಯಿತಿ ಕೊಡಬೇಕಾ, ಬೋರಿಗೆ ಎಲ್ಲರ ಒಪ್ಪಿಗೆ ಬೇಕು ಅಂತ ನಿಯಮ ಹಾಕಬಹುದಾ. ಬೆಲ್ ಆದದ್ದು ಯಾರಿಗೂ ಕೇಳಲಿಲ್ಲ. ಮೂರು ವರ್ಷದಿಂದ ನಾನು ಅಂತರ್ಜಲದ ಪಾಠ ಮಾಡುತ್ತಿದ್ದೇನೆ. ಇಂಥ ಪ್ರಶ್ನೆ ಒಂದೂ ಬಂದಿರಲಿಲ್ಲ.


ಹಳೇ ವರದಿಗಾರ
ಗುರುವಾರ, ರಾತ್ರಿ 9:15

ಟೀಚರ್, ನಿಮ್ಮ ಕವಡೆಯೇ ನನ್ನ ‘ಎನ್ನಲಾಗಿದೆ’. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಆಟದ ಒಳಗೆ ಇಟ್ಟಿದ್ದೀರಿ. ನನ್ನ ಆಕ್ಷೇಪ ಹಿಂದೆ ತೆಗೆದುಕೊಳ್ಳುತ್ತೇನೆ. ಒಂದೇ ಕೋರಿಕೆ. ಕಂಪ್ಯೂಟರಿಗೆ ಹಾಕುವಾಗ, ಈ ನಾಲ್ಕು ಕಾಯಿ, ಮೂರು ಕಾಯಿ ಅನ್ನುವ ಲೆಕ್ಕ ಮಕ್ಕಳೇ ಇಟ್ಟದ್ದು, ಅಳತೆ ಮಾಡಿದ್ದಲ್ಲ ಅಂತ ಮೊದಲ ಪುಟದಲ್ಲೇ ಬರೆಯಿರಿ.


ಅಂತರ್ಜಲ
ಗುರುವಾರ, ರಾತ್ರಿ 9:40

ಮುಂದಿನ ಸಲ ಎರಡು ಮೂರು ಕವಡೆ ಬೇರೆ ಬೇರೆ ಜಾಗಕ್ಕೆ ಇಡಿ. ಎಲ್ಲ ಗುಡ್ಡೆಯೂ ಒಂದೇ ಅಲ್ಲ. ಮಕ್ಕಳು ತಮ್ಮ ಮನೆಯ ಬಾವಿ, ಸುರಂಗದ ನೀರನ್ನು ತಿಂಗಳಿಗೊಮ್ಮೆ ಅಳೆದು ಬರೆದುಕೊಂಡರೆ ಒಂದು ವರ್ಷದಲ್ಲಿ ನಿಮ್ಮದೇ ಸಂಖ್ಯೆ ಸಿಗುತ್ತದೆ. ಸುರಂಗಕ್ಕೆ ಒಂದು ಕೊಡ ಮತ್ತು ಗಡಿಯಾರ ಸಾಕು, ಕೊಡ ತುಂಬಲು ಎಷ್ಟು ಸೆಕೆಂಡ್ ಅಂತ ನೋಡುವುದು. ಬಾವಿಗೆ ಹಗ್ಗದಲ್ಲಿ ಗಂಟು ಹಾಕಿ.


ಬದಿಯಡ್ಕದ ಅಪ್ಪ
ಶುಕ್ರವಾರ, ಬೆಳಗ್ಗೆ 7:20

ಮೊದಲು ವಿರೋಧಿಸಿದವನು ನಾನು. ಮೊಬೈಲ್ ಬಗ್ಗೆ ಹೇಳಿದ್ದನ್ನು ಈಗಲೂ ಹೇಳುತ್ತೇನೆ. ಆದರೆ ಟೀಚರ್ ಬರೆದದ್ದನ್ನು ನಿನ್ನೆ ರಾತ್ರಿ ಮಗನಿಗೆ ಓದಿ ಹೇಳಿದೆ. “ನಮ್ಮ ಬೋರಿನ ನೀರು ಯಾರ ಮನೆಯದ್ದು ಅಪ್ಪಾ?” ಅಂತ ಕೇಳಿದ. ನಮ್ಮ ಮನೆಯಲ್ಲಿ ಎರಡು ಬೋರ್ ಇದೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚೆನ್ನೆಮಣೆ ಎಲ್ಲಿ ಸಿಗುತ್ತದೆ?


ಬಾಯಾರಿನ ಹುಡುಗ
ಶುಕ್ರವಾರ, ಬೆಳಗ್ಗೆ 9:00

ಅಣ್ಣ, ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಆದರೂ ಆಗುತ್ತದೆ.

ಟೀಚರ್, ಸ್ಕ್ರ್ಯಾಚ್‌ನಲ್ಲಿ ಪಾತ್ರಗಳ ಮಾತನ್ನು ಕನ್ನಡದಲ್ಲೇ ಟೈಪ್ ಮಾಡಿ, ಬರುತ್ತದೆ. ಯುನಿಕೋಡ್ ಆಗಿರಬೇಕು ಅಷ್ಟೇ. ನಮ್ಮ ಗೇಮ್ ನಮ್ಮ ಭಾಷೆಯಲ್ಲೇ ಇರಲಿ. ಗುಳಿ, ಕಾಯಿ, ಇಂಗುಗುಂಡಿ ಅಂತಲೇ ಬರೆಯಿರಿ. ಮಲಯಾಳ ಮಾಧ್ಯಮದ ಮಕ್ಕಳಿಗೂ ಬೇಕು ಅಂದರೆ ಆಮೇಲೆ ಇನ್ನೊಂದು ಪ್ರತಿ ಮಾಡೋಣ.

ಹೊಳೆಬದಿ ಅಕ್ಕ, ನಿಮಗೆ ಒಂದು ಮಾತು. ನಿಮ್ಮ ಅಮ್ಮನ ಚೀಲದ ಗೇಮನ್ನು ನಾವು ಯಾರೂ ಮಾಡಬಾರದು. ನೀವೇ ಮಾಡಬೇಕು. ಟ್ವೈನ್ ಅಂತ ಒಂದು ಸಾಧನ ಇದೆ, 2009ರಿಂದ ಇದೆ, ದುಡ್ಡು ಇಲ್ಲ. ಅದಕ್ಕೆ ಕೋಡ್ ಬರೆಯಲು ಬರಬೇಕು ಅಂತ ಇಲ್ಲ. ಒಂದು ಪುಟ ಬರೆಯುವುದು, ಕೊನೆಯಲ್ಲಿ ಎರಡು ದಾರಿ ಕೊಡುವುದು. ಓದುವವರು ಒಂದನ್ನು ಒತ್ತುತ್ತಾರೆ, ಆ ಪುಟ ತೆರೆಯುತ್ತದೆ. ಚಿತ್ರ ಬೇಡ, ಯಾರ ಮುಖವೂ ಬೇಡ. ಮೊದಲ ಪುಟ ಇಲ್ಲೇ ಬರೆದು ಹಾಕಿ. ಕಂಪ್ಯೂಟರಿಗೆ ಹಾಕುವ ಕೆಲಸ ನಾನು ಮಾಡುತ್ತೇನೆ. ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸೋಣ.


ಹೊಳೆಬದಿ
ಭಾನುವಾರ, ರಾತ್ರಿ 11:25

ಅಮ್ಮನ ಹತ್ತಿರ ಕೇಳಿದೆ. “ಬರೆ, ಆದರೆ ಅವನ ಹೆಸರು ಹಾಕಬೇಡ” ಅಂದರು. ಬರೆದಿದ್ದೇನೆ. ಟೀಚರೇ, ಇದನ್ನು ಕ್ಲಾಸಿನಲ್ಲಿ ಓದಬಹುದು.

ಬೆಳಗ್ಗೆ ಐದು ಗಂಟೆ. ಆರಕ್ಕೆ ಮೊದಲ ಬಸ್ಸು. ಅದು ತಪ್ಪಿದರೆ ಎಂಟಕ್ಕೆ. ಎಂಟರ ಬಸ್ಸಿಗೆ ಹೋದರೆ ಟೋಕನ್ ಮುಗಿದಿರುತ್ತದೆ. ನೀನು ತೊಟ್ಟೆಯನ್ನು ಚಾಪೆಯ ಮೇಲೆ ಸುರಿದು ಒಂದೊಂದೇ ಕಾಗದ ನೋಡುತ್ತೀಯ. ಎಲ್ಲ ಇದೆ. ಹೋದ ಸಲವೂ ಎಲ್ಲ ಇತ್ತು. ಮಗ ಎದ್ದಿದ್ದಾನೆ, ಮನೆಯ ಮಾಡನ್ನು ನೋಡುತ್ತಿದ್ದಾನೆ. ಪಕ್ಕದ ಮನೆಯ ಅಕ್ಕನಿಗೆ ಇವತ್ತು ಅಡಿಕೆ ಸುಲಿಯುವ ಕೆಲಸ ಇದೆ. ಅವರು ಹೋದರೆ ಆ ದಿನದ ಸಂಬಳ ಸಿಗುತ್ತದೆ. ನೀನು ಕೇಳಿದರೆ ಹೋಗುವುದಿಲ್ಲ, ನಿನ್ನ ಮಗನ ಹತ್ತಿರ ಕೂರುತ್ತಾರೆ. ಹೋದ ವಾರವೂ ಕೂತಿದ್ದರು.

ಪಕ್ಕದ ಮನೆಯ ಅಕ್ಕನನ್ನು ಕರೆ.

ಮಗನನ್ನು ಎತ್ತಿಕೊಂಡು ಬಸ್ಸಿಗೆ ಹೋಗು.